ಪೂರ್ತಿ ಮುಚ್ಚಿಬಿಡ್ರಿ

ನಮ್ಮ ಮನೆಯ ಟಿ.ವಿ. ರಿಮೋಟು ಕೊಂಡ ದಿನದಿಂದ ಪ್ಲಾಸ್ಟಿಕ್ ಚೀಲದೊಳಗೇ ಇದೆ. ಗ್ಯಾಸ್ ಸಿಲಿಂಡರಿಗೆ ಹೂವಿನ ಲಂಗ, ಮಿಕ್ಸರಿಗೆ ಕುಲಾವಿ, ಫ್ರಿಜ್ಜಿನ ಹಿಡಿಕೆಗೆ ಕೈಗವಸು, ಸೋಫಾದ ಕವರು ಹೊಲಸಾಗದಿರಲಿ ಎಂದು ಅದರ ಮೇಲೆ ಇನ್ನೊಂದು ಕವರು. ಎಲ್ಲ ನನ್ನದೇ ಕೈಚಳಕ. ಸಿಂಧನೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ನೋಟುಬುಕ್ಕು, ಪೆನ್ನು, ಪೆನ್ಸಿಲ್ಲಿನ ಅಂಗಡಿ ಇದೆ. ಶಾಲೆ ಶುರುವಾಗುವ ದಿನಗಳಲ್ಲಿ ಊರಿನ ಅರ್ಧ ಪುಸ್ತಕಗಳಿಗೆ ಖಾಕಿ ಕಾಗದ ತೊಡಿಸುವವನು ನಾನು. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ, ಮೈಮೇಲೆ ಏನೂ ಇಲ್ಲದ ವಸ್ತು ಕಂಡರೆ ಸುಮ್ಮನಿರಲಾಗುವುದಿಲ್ಲ. "ನಿಮ್ಮ ಕೈಗಿ ಸಿಕ್ರ ಸೂರ್ಯಾಗೂ ಒಂದ್ ಕವರ್ ಹಾಕ್ತೀರಿ," ಎನ್ನುತ್ತಾಳೆ ನನ್ನ ಹೆಂಡತಿ. ಆಕೆ ಬಳಗಾನೂರಿನ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಂದವಳೇ ನಾನು ಏನೇನು ಮುಚ್ಚಿದ್ದೇನೆಂದು ಹುಡುಕಿ ಹುಡುಕಿ ಬಿಚ್ಚುತ್ತಾಳೆ.

ಕಳೆದ ವರ್ಷ ಅಡುಗೆಮನೆಯ ಗೋಡೆಗೂ ನೆಲಕ್ಕೂ ಟೈಲ್ಸ್ ಹಾಕಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಆಕೆ, ಹೆದರಿದವನು ನಾನು. ಟೈಲ್ಸ್ ಹಾಕುವಾಗ ಟೈಲ್ಸ್ ಅಲ್ಲದ್ದರ ಗತಿಯೇನು ಎಂಬುದೇ ನನ್ನ ಹೆದರಿಕೆ. ಕಟ್ಟರ್ ಮಷೀನು ಒಮ್ಮೆ ತಿರುಗಿದರೆ ಸಾಕು, ಬಿಳಿ ಧೂಳು ದೇವರ ಫೋಟೋದ ಗಾಜಿನ ಹಿಂದೆಯೂ ಹೋಗಿ ಕೂರುತ್ತದೆ. ಗ್ರಾನೈಟ್ ಕಟ್ಟೆಯ ಮೇಲೆ ಸಿಮೆಂಟು ಬಿದ್ದು ಒಣಗಿದರೆ ಕೆರೆಯುವಾಗ ಹೊಳಪೂ ಅದರ ಜೊತೆಗೇ ಹೋಗುತ್ತದೆ. ಪಡಸಾಲೆಯ ನೆಲ, ಸಾಗವಾನಿ ಬಾಗಿಲಿನ ಚೌಕಟ್ಟು, ಆಲ್ಮಾರಿಯ ಕನ್ನಡಿ, ಇವನ್ನೆಲ್ಲ ನೆನೆದು ನನಗೆ ಒಂದು ವಾರ ಊಟ ರುಚಿಸಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಚಿಂತೆ ಅವ್ವನ ಹಲ್ಲಿನದು.

ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಹಿಂದೆ ಅದರಲ್ಲಿ ಚಿಮಣಿ ದೀಪ ಇಡುತ್ತಿದ್ದರಂತೆ. ಕರೆಂಟು ಬಂದ ಮೇಲೆ ಅದು ಅವ್ವನ ಪಾಲಾಯಿತು. ಅವಳ ಗುಳಿಗೆ, ವಿಭೂತಿ ಗಟ್ಟಿ, ಒಂದು ಸುರುಳಿ ದಾರ, ಯಾವ ಬೀಗದ್ದೋ ಗೊತ್ತಿಲ್ಲದ ಎರಡು ಕೀಲಿ, ಇವುಗಳ ನಡುವೆ ಒಂದು ಸಣ್ಣ ಸ್ಟೀಲ್ ಡಬ್ಬಿಯ ನೀರಿನಲ್ಲಿ ಅವಳ ಹೊಸ ಹಲ್ಲಿನ ಸೆಟ್ಟು. ಬೇರೆಲ್ಲಾದರೂ ಇಡು ಎಂದರೆ ಕೇಳುವವಳಲ್ಲ. "ನನ್ನ ಸಾಮಾನು ಗೂಡಿನಾಗ ಇರತಾವ. ಕೈ ಹಾಕಿದ್ರ ಸಿಗಬೇಕು ನನಗ," ಎನ್ನುತ್ತಿದ್ದಳು.

ಹಲ್ಲಿನ ಹಿಂದೊಂದು ಕಥೆಯಿದೆ. ಅವ್ವನಿಗೊಬ್ಬ ಅಕ್ಕ, ಮಸ್ಕಿಯಲ್ಲಿರುವ ನಮ್ಮ ದೊಡ್ಡವ್ವ. ನಾಲ್ಕು ವರ್ಷ ದೊಡ್ಡವಳಾದರೂ ಒಂದು ಹಲ್ಲೂ ಅಲುಗಿರಲಿಲ್ಲ. ಹೋದ ಸಲ ಅವರ ಮನೆಯ ಕಾರ್ಯದಲ್ಲಿ, ಪಂಕ್ತಿಯ ತುಂಬ ಜನ ಕೂತಿರುವಾಗ, ಆಕೆ ಖಡಕ್ ಜೋಳದ ರೊಟ್ಟಿಯನ್ನು ಕಟಂ ಎಂದು ಕಡಿದು ಹೇಳಿದಳು: "ನಮ್ಮ ತಂಗಿಗಿ ರೊಟ್ಟಿ ಹಾಕಬ್ಯಾಡ್ರೆ. ಬೊಚ್ಚಬಾಯಾಕಿ ಅದಾಳ, ಏನರ ಮೆತ್ತಂದು ಕಲಸಿ ಕೊಡ್ರಿ." ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆದರೆ ವಾಪಸು ಬರುವ ಬಸ್ಸಿನಲ್ಲಿ ಸಿಂಧನೂರು ಮುಟ್ಟುವವರೆಗೂ ಕಿಟಕಿಯಾಚೆಗೇ ನೋಡುತ್ತ ಕೂತಿದ್ದಳು. ಇಳಿಯುವಾಗ ನನ್ನ ತೋಳು ಹಿಡಿದು, "ನನಗ ಹಲ್ಲ ಕಟ್ಟಿಸಿಕೊಡಪಾ," ಎಂದಳು.

ಲಿಂಗಸುಗೂರಿನ ಹಲ್ಲಿನ ಡಾಕ್ಟರ ಹತ್ತಿರ ನಾಲ್ಕು ಸಲ ಓಡಾಡಿ ಹಲ್ಲು ಕಟ್ಟಿಸಿದೆ. ಮೊದಮೊದಲು ಒಸಡು ನೋಯುತ್ತಿತ್ತು. ಅದಕ್ಕೆ ದಿನಾ ಸಂಜೆ ಒಂದು ತಾಸು ಮಾತ್ರ ಹಾಕಿಕೊಂಡು, ಪೈಲ್ವಾನರು ತಾಲೀಮು ಮಾಡುವ ಹಾಗೆ ಮಾಡುತ್ತಿದ್ದಳು. ಮೊದಲ ವಾರ ಬಾಳೆಹಣ್ಣು, ಆಮೇಲೆ ಚಪಾತಿ, ಆಮೇಲೆ ಚುರುಮುರಿ. ಹುರಿದ ಶೇಂಗಾಕ್ಕೆ ಬಂದ ದಿನ ಪಕ್ಕದ ಮನೆಯ ಚಾಚಿಯನ್ನು ಕರೆದು ತೋರಿಸಿದಳು. ಗುರಿ ಒಂದೇ: ಟೈಲ್ಸ್ ಕೆಲಸದ ವಾರವೇ, ಭಾನುವಾರ, ದೊಡ್ಡವ್ವನ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಅದೇ ಪಂಕ್ತಿ, ಅದೇ ಮಂದಿ, ಅಕ್ಕನ ಎದುರಿಗೇ ಕೂತು ಖಡಕ್ ರೊಟ್ಟಿ ಕಡಿಯಬೇಕು. ಆ ಸಪ್ಪಳ ಮಸ್ಕಿಯ ತುಂಬ ಕೇಳಬೇಕು.

ಟೈಲ್ಸ್ ಕೆಲಸ ಬುಧವಾರ ಶುರುವಾಗುವುದಿತ್ತು. ಮಂಗಳವಾರವೇ ನಾನು ಅಂಗಡಿ ಮುಚ್ಚಿ ಮನೆ ಮುಚ್ಚಲು ಕೂತೆ.

ದಢೇಸುಗೂರಿನಲ್ಲಿ ಗದ್ದೆ ಮಾಡುವ ಹೆಂಡತಿಯ ಅಣ್ಣನಿಂದ ಗೊಬ್ಬರದ ಖಾಲಿ ಚೀಲಗಳ ಒಂದು ಹೊರೆ ತರಿಸಿದ್ದೆ. ಬಿಚ್ಚಿ, ಒಂದಕ್ಕೊಂದು ಹೊಲಿದು, ಗ್ರಾನೈಟ್ ಕಟ್ಟೆಗೆ ಅಂಗಿ ಮಾಡಿದೆ. ಫ್ರಿಜ್ಜಿಗೆ ಹಳೆಯ ಧೋತರ ಸುತ್ತಿದೆ. ಬಾಗಿಲ ಚೌಕಟ್ಟಿಗೆ ರಟ್ಟು ಕಟ್ಟಿ ಮೇಲೆ ಹಗ್ಗ ಬಿಗಿದೆ. ಇಡೀ ಮನೆ ಯೂರಿಯಾ ಹಾಕಿದ ಗದ್ದೆಯ ಹಾಗೆ ನಾರತೊಡಗಿತು. ಸಂಜೆ ಹೆಂಡತಿ ಬಂದು ಬಾಗಿಲಲ್ಲೇ ನಿಂತು, "ಇದು ನಮ್ಮ ಮನೀನೋ, ಗೊಬ್ಬರದ ಗೋದಾಮೋ?" ಎಂದಳು. ಆಮೇಲೆ ಚಹಾ ಮಾಡಲು ಹೋಗಿ ಸ್ಟವ್ ಎಲ್ಲಿದೆಯೆಂದು ತಿಳಿಯದೆ ಗಂಟುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಮೂರನೆಯ ಗಂಟಿನಲ್ಲಿ ಸಿಕ್ಕಿತು.

ಪಡಸಾಲೆಯ ನೆಲಕ್ಕೆ ಮಾತ್ರ ಚೀಲ ಸಾಲಲಿಲ್ಲ. ಗುರುತಿನವರ ಅಂಗಡಿಯಿಂದ ಹಳೆಯ ಫ್ಲೆಕ್ಸ್ ತಂದು ಹಾಸಿದೆ. ಯಾರದೋ ಹುಟ್ಟುಹಬ್ಬದ್ದು. ನಡುವೆ ಹುಟ್ಟಿದವರು ಆಳೆತ್ತರಕ್ಕೆ ಕೈಮುಗಿದು ನಿಂತಿದ್ದರು, ಸುತ್ತಲೂ ಶುಭ ಕೋರುವವರ ಇಪ್ಪತ್ತೆಂಟು ಮುಖ. ಅವ್ವ ಹೊಸ್ತಿಲಲ್ಲಿ ನಿಂತು, ಅವರಿಗೆ ತಾನೂ ಕೈಮುಗಿದು, "ಮಂದಿ ಮಾರಿ ಮ್ಯಾಲ ಹ್ಯಾಂಗ ಕಾಲಿಡಲೆಪಾ?" ಎಂದಳು. ಬುಧವಾರ ಬಂದ ಟೈಲ್ಸ್ ಉಸ್ತಾದರದೂ ಅದೇ ಮಾತು. ಅವರು ಮಸ್ಕಿಯವರು, ಮನೆಯಲ್ಲಿ ದಖನಿ, ಹೊರಗೆ ಕನ್ನಡ, ಎರಡರಲ್ಲೂ ಅಳೆದು ಮಾತಾಡುವವರು. ಸಿಮೆಂಟಿನ ಬುಟ್ಟಿ ಹೊತ್ತು, ಒಂದು ಮುಖಕ್ಕೂ ಇನ್ನೊಂದಕ್ಕೂ ನಡುವಿನ ಜಾಗದಲ್ಲಿ ತುದಿಗಾಲಿಟ್ಟು, ಕುಂಟೆಬಿಲ್ಲೆ ಆಡುವವರ ಹಾಗೆ ಪಡಸಾಲೆ ದಾಟಿದರು. ಅರ್ಧ ದಿನದಲ್ಲಿ ಆರೇ ಬುಟ್ಟಿ ಒಳಗೆ ಹೋದವು. ಕೊನೆಗೆ ಫ್ಲೆಕ್ಸನ್ನು ಬೋರಲು ಹಾಕಿದೆವು. ಹಿಂಬದಿ ಎಣ್ಣೆ ಸುರಿದಂತೆ ನುಣುಪು. ಏಳನೆಯ ಬುಟ್ಟಿಗೆ ಉಸ್ತಾದರು ಜಾರಿ ಬಿದ್ದರು, ಬುಟ್ಟಿಯೂ ಬಿತ್ತು. ನಾನು ಓಡಿ ಬಂದು ಫ್ಲೆಕ್ಸ್ ಎತ್ತಿ ನೋಡಿದೆ. ನೆಲಕ್ಕೆ ಒಂದು ಹನಿಯೂ ತಾಕಿರಲಿಲ್ಲ. ಅವರ ಸೊಂಟದ ಬಗ್ಗೆ ಆಮೇಲೆ ವಿಚಾರಿಸಿದೆ.

ಗುರುವಾರ ಬೆಳಿಗ್ಗೆ ಗೂಡಿರುವ ಗೋಡೆಯ ಸರದಿ. ಧೂಳು ಕುಡಿದರೆ ಕೆಮ್ಮು ಬರುತ್ತದೆಂದು ಅವ್ವನನ್ನು ಚಾಚಿಯ ಮನೆಗೆ ಕಳಿಸಿದೆ, ಎರಡು ದಿನ ಅಲ್ಲೇ ಇರಲೆಂದು. ಎರಡು ದಿನದ ಗುಳಿಗೆ ಸೆರಗಿಗೆ ಕಟ್ಟಿಕೊಂಡಳು, ಆದರೆ ಹೊಸ ಜಾಗದಲ್ಲಿ ಎಲ್ಲಾದರೂ ಕಳೆದೀತೆಂದು ಹಲ್ಲನ್ನು ಒಯ್ಯಲಿಲ್ಲ. "ನನ್ನ ಹಲ್ಲು ನಿನ್ನ ಮ್ಯಾಲ ಬಿಟ್ಟೀನಿ," ಎಂದು ಹೋದಳು. ಜವಾಬ್ದಾರಿಯೆಂದರೆ ನನಗೆ ಹುಮ್ಮಸ್ಸು. ಡಬ್ಬಿಯ ಮುಚ್ಚಳದ ಮೇಲೆ ಪ್ಲಾಸ್ಟಿಕ್, ಅದಕ್ಕೆ ರಬ್ಬರ್ ಬ್ಯಾಂಡು, ಅದರ ಮೇಲೆ ನನ್ನ ಒಂದು ಒಳ್ಳೆಯ ಟವೆಲ್ಲು. ಆಮೇಲೆ ಗೂಡಿನ ಬಾಯಿಗೆ ರಟ್ಟು ಇಟ್ಟು ಸುತ್ತಲೂ ಖಾಕಿ ಟೇಪು ಅಂಟಿಸಿದೆ. ಕೆಳಗಿನ ಅಂಚಿಗೆ ಬರುವಷ್ಟರಲ್ಲಿ ಟೇಪು ಮುಗಿಯಿತು. ಅದೇ ಹೊತ್ತಿಗೆ ಉಸ್ತಾದರು ನೆಲದ ಅಂಚಿನ ಟೈಲ್ಸ್ ಒಂದು ಬಾಕ್ಸ್ ಕಡಿಮೆ ಬೀಳುತ್ತದೆ ಎಂದರು. ಆ ಬಣ್ಣ ಸಿಂಧನೂರಿನಲ್ಲಿ ತೀರಿತ್ತು, ಲಿಂಗಸುಗೂರಿನ ಒಂದು ಅಂಗಡಿಯಲ್ಲಿ ಕೊನೆಯ ಬಾಕ್ಸ್ ಇತ್ತು. ಓಡಿ ಹೋಗಿ ಬಸ್ ಹತ್ತಿದೆ.

ಬಸ್ಸು ಊರು ದಾಟಿದ ಮೇಲೆ ಆ ಕೆಳಗಿನ ಅಂಚು ನೆನಪಾಯಿತು. ಧೂಳು ನುಗ್ಗಲು ಒಂದು ಬೆರಳಿನಷ್ಟು ಸಂದು ಸಾಕು. ತಕ್ಷಣ ಉಸ್ತಾದರಿಗೆ ಫೋನು ಹಚ್ಚಿದೆ.

"ಉಸ್ತಾದ್‌ರ, ಅಡಗಿಮನಿ ಗೂಡಾ ಅರ್ಧಾ ಮುಚ್ಚೀನ್ರಿ. ನೀವು ಪೂರ್ತಿ ಮುಚ್ಚಿಬಿಡ್ರಿ."

"ಪೂರ್ತಿ ಮುಚ್ಚಲ್ರಿ?"

"ಪೂರ್ತಿ. ಒಂದ್ ಕಣಾ ಧೂಳ ಸೈತ ಒಳಗ ಹೋಗಬಾರದು ನೋಡ್ರಿ."

"ಆಮ್ಯಾಲ ಹಂಗಲ್ಲ ಹಿಂಗ ಅನ್ನಬ್ಯಾಡ್ರಿ."

"ಯಾಕ ಅಂತೀನ್ರಿ? ನಾನ ಹೇಳಾಕತ್ತೀನಲ್ಲ."

ಫೋನಿಟ್ಟ ಮೇಲೆ ಮನಸ್ಸು ಹಗುರಾಯಿತು. ಲಿಂಗಸುಗೂರು ಬರುವವರೆಗೂ ಸೊಗಸಾಗಿ ನಿದ್ದೆ ಮಾಡಿದೆ.

ಮಧ್ಯಾಹ್ನ ಮೂರಕ್ಕೆ ಬಾಕ್ಸ್ ಹೊತ್ತು ಬಂದು ಹಿತ್ತಲ ಬಾಗಿಲಲ್ಲಿ ಕೊಟ್ಟೆ. ಉಸ್ತಾದರು ಅಂಚು ಮುಗಿಸುತ್ತ, ಹಿಂದೆ ಹಿಂದೆ ಸರಿಯುತ್ತ, ಅದೇ ಬಾಗಿಲಿಂದ ಹೊರಬಂದು, "ನಾಳೆಲ್ಲಾ ಯಾರೂ ಒಳಗ ಕಾಲಿಡಬ್ಯಾಡ್ರಿ, ನೆಲಾ ಹಸಿ ಐತಿ," ಎಂದು ಕಟ್ಟುನಿಟ್ಟಾಗಿ ಹೇಳಿದರು. ನಾನು ಪಡಸಾಲೆ ಕಡೆಯ ಬಾಗಿಲಿಗೆ ಮಂಚ ಅಡ್ಡ ಇಟ್ಟು, ಮಂಚದ ಮೇಲಿಂದ ಕತ್ತು ಹಾಕಿ ಗೋಡೆ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ತಿಳಿ ಹಳದಿ ಟೈಲ್ಸ್, ಒಂದು ಗೆರೆ ಅತ್ತಿತ್ತ ಇಲ್ಲ. ಎಷ್ಟು ಸಪಾಟು, ಎಷ್ಟು ಚೆಂದ. ಈ ಗೋಡೆಯಲ್ಲಿ ಏನೋ ಒಂದು ಇರಬೇಕಿತ್ತಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಹೆಂಡತಿ ಬಂದಮೇಲೆ ಆಕೆಗೂ ತೋರಿಸಿದೆ. ಆಕೆಯೂ ನೋಡಿ, ಮದುವೆಯಾದಾಗಿನಿಂದ ಮೊದಲ ಸಲ ನನ್ನ ಕೆಲಸವನ್ನು ಹೊಗಳಿದಳು. ಶುಕ್ರವಾರ ಅವ್ವ ಚಾಚಿಯ ಮನೆಯ ಕಟ್ಟೆಯಿಂದಲೇ ಕೇಳಿದಳು: "ನನ್ನ ಹಲ್ಲ ಹ್ಯಾಂಗದಾವಲೇ?"

"ಭದ್ರ ಅದಾವ ಯವ್ವಾ. ಯಾರೂ ಮುಟ್ಟಾಕ ಆಗಂಗಿಲ್ಲ," ಎಂದೆ. ಅದಕ್ಕಿಂತ ನಿಜವಾದ ಮಾತನ್ನು ನಾನು ಆ ವಾರ ಆಡಲಿಲ್ಲ.

ಶನಿವಾರ ಬೆಳಿಗ್ಗೆ ಮಂಚ ಸರಿಸಿದೆವು. ಅವ್ವ ಮೊದಲು ಒಳಗೆ ಹೋದಳು. ಆಮೇಲೆ ಮೆಲ್ಲಗೆ, "ಗೂಡ ಎಲ್ಲೈತಿ?" ಎಂದಳು.

ಗೋಡೆ ನೋಡಿದೆ, ಗೋಡೆ ನನ್ನನ್ನು ನೋಡಿತು. ಹೆಂಡತಿ ನಿಧಾನಕ್ಕೆ ನನ್ನತ್ತ ತಿರುಗಿ, "ಏನ್ ಹೇಳಿದ್ರಿ ಅವರಿಗೆ?" ಎಂದು ಶಾಲೆಯಲ್ಲಿ ಕೇಳುವ ದನಿಯಲ್ಲಿ ಕೇಳಿದಳು. ಹೇಳಿದೆ. ಆಕೆ ಹಣೆಗೆ ಕೈಹಚ್ಚಿ ಹೊಸ ನೆಲದ ಮೇಲೆ ಕೂತಳು. ಅವ್ವ ಮಾತ್ರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾ ಮಸ್ಕಿಗಿ ಬರಂಗಿಲ್ಲ. ನೀವು ಹೋಗಿ ಬರ್ರಿ," ಎಂದು ಹೇಳಿ ಪಡಸಾಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ತಿಂಗಳು ಒಸಡು ನೋಯಿಸಿಕೊಂಡು ತಯಾರಾದವಳು. ಹೊಸ ಸೆಟ್ಟು ಒಂದು ದಿನದಲ್ಲಿ ಆಗುವಂಥದ್ದಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಉಸ್ತಾದರು ಆಗ ಬಳಗಾನೂರಿನಲ್ಲಿ ಬೇರೆ ಮನೆಯ ಕೆಲಸದಲ್ಲಿದ್ದರು. ಫೋನು ಮಾಡಿದ್ದಕ್ಕೆ ಬೈಕ್ ಹತ್ತಿ ಬಂದರು. ಸಿಟ್ಟಾಗಲಿಲ್ಲ, ಆದರೆ ಮುಖ ಸಣ್ಣದಾಯಿತು. "ನೀವ ಅಂದ್ರಲ್ರಿ, ಪೂರ್ತಿ ಮುಚ್ಚಿಬಿಡ್ರಿ ಅಂತ. ಊರ ಮಂದೆಲ್ಲಾ ಟೈಲ್ಸ್ ಹಾಕಸೂ ಮುಂದ ಹಳೇ ಗೂಡ ಮುಚ್ಚಸ್ತಾರ. ಶಾಬಾದಿ ಕಲ್ಲಿನ ತುಂಡು ಕೊಟ್ಟು, ಸಿಮೆಂಟ್ ಮೆತ್ತಿ, ಮ್ಯಾಲ ಟೈಲ್ಸ್ ಹಾಕೀನಿ. ಒಂದ್ ಕಣಾ ಧೂಳ ಹೋಗಂಗಿಲ್ಲ."

"ಒಳಗ ಏನೈತಿ ಅಂತ ನೋಡಬಾರದೇನ್ರಿ?"

"ಮಂದಿ ಮನಿ ಗೂಡಿನಾಗ ನಾ ಯಾಕ ಹಣಿಕಿ ಹಾಕ್ಲಿ? ಅದೂ ನೀವು ಟೇಪ್ ಹಚ್ಚಿ ಮುಚ್ಚಿದ್ದು."

ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ.

ಒಡೆಯುವುದೆಂದಾಯಿತು. ಎಲ್ಲಿ ಒಡೆಯುವುದು? ಗೋಡೆಯ ತುಂಬ ಒಂದೇ ಥರದ ಟೈಲ್ಸ್. ನಾನು ಇಲ್ಲಿ ಎಂದೆ, ಹೆಂಡತಿ ಅಲ್ಲಿ ಎಂದಳು. ಉಸ್ತಾದರು ಬೆರಳಿನ ಗೆಣ್ಣಿನಿಂದ ಬಡಿಯುತ್ತ ಹೋದರು, ನಾವಿಬ್ಬರೂ ಗೋಡೆಗೆ ಕಿವಿ ಹಚ್ಚಿಕೊಂಡು ಅವರ ಹಿಂದೆ ಏಡಿಯಂತೆ ಅಡ್ಡಡ್ಡ ನಡೆದೆವು. ಸಪ್ಪಳ ಕೇಳಿ ಬಂದ ಚಾಚಿಯೂ ಕಾರಣ ಕೇಳದೆ ಒಂದು ಕಿವಿ ಹಚ್ಚಿದರು. ಎಲ್ಲೆಲ್ಲೂ ಗಟ್ಟಿ ಸಪ್ಪಳವೇ. ಉಸ್ತಾದರ ಕೆಲಸ ಅಷ್ಟು ಬಂದೋಬಸ್ತು.

ಆಗ ಅವ್ವ ಎದ್ದು ಬಂದಳು. ನಮ್ಮೆಲ್ಲರನ್ನೂ ಬದಿಗೆ ಸರಿಸಿ, ದಿನಾ ಗುಳಿಗೆ ತೆಗೆದುಕೊಳ್ಳುವಾಗ ನಿಲ್ಲುವ ಜಾಗದಲ್ಲಿ ನಿಂತು, ನೋಡದೆಯೇ ಕೈ ಚಾಚಿದಳು. ಅಂಗೈ ಒಂದು ಟೈಲ್ಸಿನ ಮೇಲೆ ಹೋಗಿ ಕೂತಿತು. "ಇಲ್ಲೈತಿ," ಎಂದಳು. ಉಸ್ತಾದರು ಪೆನ್ಸಿಲಿನಿಂದ ಗೆರೆ ಎಳೆದರು. ಆ ಕೈ ಎಷ್ಟು ವರ್ಷ ಅಲ್ಲಿಗೆ ಹೋಗಿ ಬಂದಿದೆಯೆಂದು ನನಗೆ ಆಗ ತಿಳಿಯಿತು.

ಈಗ ಮತ್ತೆ ಮುಚ್ಚುವ ಕೆಲಸ. ಸುತ್ತಲಿನ ಟೈಲ್ಸಿಗೆ ಪೆಟ್ಟಾಗಬಾರದು, ಒಳಗಿನ ಡಬ್ಬಿಯ ಮೇಲೆ ಕಲ್ಲು ಬೀಳಬಾರದು. ಉಸ್ತಾದರು ಒದ್ದೆ ಗೋಣಿಚೀಲ ಹಚ್ಚಿಸಿದರು. ಚಾಚಿ ತಮ್ಮ ಮನೆಯ ಕೌದಿ ತಂದು ಕೆಳಗೆ ಹಾಸಿದರು. ನಾನು ಛತ್ರಿ ಬಿಚ್ಚಿ, ತಲೆಕೆಳಗೆ ಹಿಡಿದು, ಬೀಳುವ ಚೂರುಗಳನ್ನು ಹಿಡಿಯುತ್ತ ನಿಂತೆ. ಹೆಂಡತಿ ನನ್ನ ತಲೆಯ ಮೇಲೊಂದು ಪಾತ್ರೆ ಬೋರಲು ಹಾಕಿದಳು. ಕಾಳಜಿಯಿಂದಲೋ ಸಿಟ್ಟಿನಿಂದಲೋ ನಾನು ಕೇಳಲಿಲ್ಲ. ಉಸ್ತಾದರು ಕಟ್ಟರಿನಿಂದ ಸಂದು ಕೊಯ್ದು, ಸಣ್ಣ ಉಳಿಯಿಂದ ಇಷ್ಟಿಷ್ಟೇ ಕೆತ್ತಿದರು. ಬಿಸಿಲು ಇಳಿಯುವ ಹೊತ್ತಿಗೆ ಶಾಬಾದಿ ಕಲ್ಲಿನ ತುಂಡು ಹೊರಗೆ ಬಂತು. ನಾಲ್ಕು ಟೈಲ್ಸ್ ಚೂರಾದವು, ಐದನೆಯದು ಮೂಲೆಯಿಂದ ಮೂಲೆಗೆ ಸೀಳಿತು. ನಾನು ಅದರತ್ತ ನೋಡಲಿಲ್ಲ. ರಟ್ಟು ಹರಿದು, ಟವೆಲ್ಲು ಬಿಚ್ಚಿ, ರಬ್ಬರ್ ಬ್ಯಾಂಡು ತೆಗೆದು ಡಬ್ಬಿ ಅವ್ವನ ಕೈಗೆ ಕೊಟ್ಟೆ. ತಿಳಿನೀರಿನಲ್ಲಿ ಹಲ್ಲು ಹೊಳೆಯುತ್ತಿದ್ದವು. ಉಸ್ತಾದರು ಬಗ್ಗಿ ನೋಡಿ, "ಧೂಳ ಒಂದ್ ಕಣಾ ಹೋಗಿಲ್ಲ ನೋಡ್ರಿ," ಎಂದರು.

ಭಾನುವಾರ ಬೆಳಿಗ್ಗೆ ಅವ್ವ ಇಳಕಲ್ ಸೀರೆಯುಟ್ಟು, ಹಲ್ಲು ಹಾಕಿಕೊಂಡು, ಬಾಯಿ ಬಿಗಿಹಿಡಿದು ಮಸ್ಕಿ ಬಸ್ಸಿನಲ್ಲಿ ಕೂತಳು. ಕಂಡಕ್ಟರ್ ಎಲ್ಲಿಗೆ ಎಂದಾಗಲೂ ಬಾಯಿ ಬಿಡದೆ ನನ್ನತ್ತ ಕೈತೋರಿಸಿದಳು. ಮೊದಲ ನಗು ಅಕ್ಕನಿಗೇ ಮೀಸಲು.

ದೊಡ್ಡವ್ವ ತಲೆಬಾಗಿಲಿಗೇ ಬಂದಳು. ಸೆರಗು ಮೂಗಿನವರೆಗೆ. ಒಳಗೆ ಬರ್ರಿ ಎಂದದ್ದೂ ಸೆರಗಿನೊಳಗಿನಿಂದಲೇ. ತೊಟ್ಟಿಲ ಹಾಡು ಹಾಡುವಾಗಲೂ ಎಲ್ಲರಿಗಿಂತ ಗಟ್ಟಿ ದನಿಯ ಹೆಂಗಸು ಅಂದು ಬರೀ ತಲೆಯಾಡಿಸಿದಳು. ನೆಗಡಿಯಿರಬೇಕು ಎಂದುಕೊಂಡೆ.

ಪಂಕ್ತಿಯಲ್ಲಿ ಅಕ್ಕ-ತಂಗಿ ಎದುರುಬದುರು ಕೂತರು. ನಾನು ಬಡಿಸುವವರ ಜೊತೆ ಸೇರಿ ಬೇಕೆಂದೇ ಅಲ್ಲಿ ನಿಂತಿದ್ದೆ. ರೊಟ್ಟಿ ಬಂತು, ಹಪ್ಪಳದಷ್ಟು ಖಡಕ್ಕು. ಅವ್ವ ಒಂದು ತುಂಡು ಎತ್ತಿದಳು. ಸುಳ್ಳೇಕೆ ಹೇಳಲಿ, ಆ ಸಪ್ಪಳ ಕೇಳುವ ಆಸೆ ನನಗೂ ಇತ್ತು. ಅಕ್ಕ ನೋಡಲಿ ಎಂದು ಅವ್ವ ಕಾದಳು. ಅಕ್ಕ ತಲೆ ಎತ್ತಲಿಲ್ಲ. ರೊಟ್ಟಿಯನ್ನು ಎಲೆಯ ಅಂಚಿಗೆ ಸರಿಸಿದ್ದಳು.

"ಯಾಕ ಅಕ್ಕ, ಬಾಯಿಗಿ ಏನಾತು?" ಎಂದಳು ಅವ್ವ.

ದೊಡ್ಡವ್ವ ಅತ್ತಿತ್ತ ನೋಡಿ, ಸೆರಗನ್ನು ಒಂದು ಬೆರಳಿನಷ್ಟು ಇಳಿಸಿದಳು. ಮುಂದಿನ ಮೂರು ಹಲ್ಲು ಇರಲಿಲ್ಲ. "ಕಬ್ಬ ತಿನ್ನಾಕ ಹೋದೆ, ಹೋದ ತಿಂಗಳ. ಉಳದಾವೂ ಅಳ್ಳಾಡಾಕತ್ತಾವ. ಮಂದಿ ಮುಂದ ಬಾಯಿ ಬಿಡಾಕ ನಾಚಿಕಿ ಬರತೈತಿ ನೋಡು."

ಅವ್ವನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. ಆಮೇಲೆ ಆಕೆ ಪಕ್ಕಕ್ಕೆ ತಿರುಗಿ, ಬಾಯಿಗೆ ಕೈಹಾಕಿ, ಹಲ್ಲಿನ ಸೆಟ್ಟು ತೆಗೆದು ನನ್ನ ಅಂಗೈಗೆ ಹಾಕಿದಳು. ರೊಟ್ಟಿಯನ್ನು ಕೈಯಿಂದಲೇ ಮುರಿದು, ಬೇಳೆಯ ಸಾರಿನಲ್ಲಿ ಅದ್ದಿ, ಮೆತ್ತಗಾಗುವವರೆಗೆ ಹಿಚುಕಿ ಅಕ್ಕನ ಎಲೆಗೆ ಹಾಕಿದಳು. ತನ್ನದಕ್ಕೂ ಹಾಗೇ ಮಾಡಿಕೊಂಡಳು.

"ಹಿಂಗ ನೆನಸಿ ತಿನ್ನಬೇಕು," ಎಂದಳು ಬೊಚ್ಚಬಾಯಿಯಲ್ಲಿ. "ರುಚೀನ ಬ್ಯಾರೆ ಇರತೈತಿ."

ದೊಡ್ಡವ್ವ ಸೆರಗು ಬಿಟ್ಟು ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ಆವತ್ತು ಮಂದ್ಯಾಗ ನಿನಗ ಹಂಗ ಅನ್ನಬಾರದಾಗಿತ್ತಬೇ ತಂಗಿ."

"ಯಾವತ್ತ?" ಎಂದಳು ಅವ್ವ. "ಏನ ಅಂದಿದ್ದಿ? ನನಗ ನೆನಪ ಇಲ್ಲ."

ನಾನು ಹಲ್ಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಇನ್ನೊಂದು ರೊಟ್ಟಿ ತರಲು ಅವ್ವ ಎರಡು ಸಲ ಹೇಳಬೇಕಾಯಿತು.